ಹಳೆಯ ಜಾಗ್ವಾರಿನ ಮೂಲಪತ್ರ

ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುವುದನ್ನು ನಾನು ಕಲಿತದ್ದು ಎಂಬತ್ತರ ದಶಕದ ಹಾಸನದಲ್ಲಿ, ಆರ್‌ಟಿಓ ಕಚೇರಿಯ ಎದುರಿನ ಹೊಂಗೆಮರದ ಕೆಳಗೆ. ಅರಸೀಕೆರೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ನನ್ನ ಸೋದರಮಾವ ಗಿರಾಕಿಗಳ ಗಾಡಿಗಳ ಕಾಗದಪತ್ರದ ಕೆಲಸಕ್ಕೆ ಅಲ್ಲಿಗೆ ಹೋಗುವಾಗ, ಶಾಲೆಗೆ ರಜೆಯಿದ್ದರೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಲೋಹದ ಮೇಲೆ ಒತ್ತಿದ ಅಂಕಿಗಳಿಗೆ ತೆಳುವಾದ ಕಾಗದವನ್ನು ಹೊದಿಸಿ, ಮೆತ್ತನೆಯ ಪೆನ್ಸಿಲನ್ನು ಅಡ್ಡಲಾಗಿ ಹಿಡಿದು ಹಗುರವಾಗಿ ಉಜ್ಜಿದರೆ, ಕಪ್ಪು ನೆಲದ ಮೇಲೆ ಬಿಳಿಯ ಅಂಕಿಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಅಂಕಿಯನ್ನು ಯಾರು ಬೇಕಾದರೂ ಓದುತ್ತಾರೆ, ನೀನು ಅಂಕಿಗಳ ನಡುವಿನ ಜಾಗವನ್ನು ಓದು ಎಂದು ಮಾವ ಹೇಳುತ್ತಿದ್ದರು. ಹಳೆಯದನ್ನು ಅಳಿಸಿ ಹೊಸದನ್ನು ಒತ್ತಿದವನ ಅರದ ಗೆರೆಗಳು ಕಣ್ಣಿಗೆ ಬೀಳದಿದ್ದರೂ ಪೆನ್ಸಿಲಿಗೆ ಸಿಕ್ಕಿಬೀಳುತ್ತವೆ ಎಂಬುದು ಅವರ ಅನುಭವವಾಗಿತ್ತು. ಆ ವಿದ್ಯೆ ಮೂವತ್ತೈದು ವರ್ಷಗಳ ಬಳಿಕ ಇಂಗ್ಲೆಂಡಿನ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ, ಅರಸೀಕೆರೆಯ ಅರ್ಧ ಪೇಟೆಯನ್ನೇ ಕೊಳ್ಳಬಹುದಾದಷ್ಟು ಬೆಲೆಯ ಕಾರೊಂದರ ಮುಂದೆ ಉಪಯೋಗಕ್ಕೆ ಬರುತ್ತದೆಂದು ಇಬ್ಬರಲ್ಲಿ ಯಾರೂ ಎಣಿಸಿರಲಿಲ್ಲ.

ನಾನು ಕೊವೆಂಟ್ರಿಗೆ ಬಂದು ನೆಲೆಸಿ ಇಪ್ಪತ್ತೆರಡು ವರ್ಷಗಳಾದವು. ಇಲ್ಲಿನ ಬ್ರೌನ್ಸ್ ಲೇನಿನಲ್ಲಿದ್ದ ಜಾಗ್ವಾರ್ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಕೆಲಸ 2005ರಲ್ಲಿ ನಿಂತುಹೋಗಿ, ಈಗ ಆ ಜಾಗದಲ್ಲಿ ಮನೆಗಳೆದ್ದಿವೆ. ದಾವಣಗೆರೆಯವನಾದ ನನ್ನ ವೈದ್ಯ ಗೆಳೆಯನೊಬ್ಬ ಐವತ್ತು ದಾಟಿದ ಮೇಲೆ ತನಗೊಂದು ಜಾಗ್ವಾರ್ ಇ-ಟೈಪ್ ಬೇಕೆಂದು ಹಟ ಹಿಡಿದ. ಮಕ್ಕಳು ದೊಡ್ಡವರಾದ ಮೇಲೆ ಗಂಡಸರಿಗೆ ಬರುವ ಕಾಯಿಲೆಗಳಲ್ಲಿ ಇದೂ ಒಂದು ಎಂದು ಅವನ ಹೆಂಡತಿ ನಕ್ಕು ಸುಮ್ಮನಾದರು. ನಾನು ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದರಿಂದ ಮತ್ತು ಗ್ರೀಸಿನ ವಾಸನೆಯ ನಡುವೆ ಬೆಳೆದವನಾದ್ದರಿಂದ, ಕಾರು ನೋಡುವ ಶಾಸ್ತ್ರಕ್ಕೆ ಜೊತೆಯಾಗಿ ಹೋಗುವ ಹೊಣೆ ನನ್ನ ಮೇಲೆ ಬಿತ್ತು.

ಇ-ಟೈಪ್ ಲೋಕಕ್ಕೆ ಕಾಣಿಸಿಕೊಂಡದ್ದು 1961ರ ಮಾರ್ಚಿನಲ್ಲಿ, ಜಿನೀವಾದಲ್ಲಿ. ಓಡಿಸಿ ತೋರಿಸಲು ತಂದಿದ್ದ ಒಂದು ಕಾರು ಸಾಲದೆ ಹೋಗಿ, ಕಂಪನಿಯ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಕೊವೆಂಟ್ರಿಯಿಂದ ಇನ್ನೊಂದನ್ನು ರಾತ್ರೋರಾತ್ರಿ ಓಡಿಸಿಕೊಂಡು ಹೋಗಬೇಕಾಯಿತು. 77 ಆರ್‌ಡಬ್ಲ್ಯೂ ಎಂಬ ನೋಂದಣಿಯ ಆ ಕಾರಿನ ಚಾಸಿಸ್ ನಂಬರು 850003. ಬಲಬದಿಯ ಸ್ಟೀರಿಂಗಿನ ತೆರೆದ ಕಾರುಗಳಿಗೆ 850001ರಿಂದ, ಅದೇ ಬದಿಯ ಕೂಪೆಗಳಿಗೆ (ಗಟ್ಟಿ ಚಾವಣಿಯ ಕಾರುಗಳಿಗೆ) 860001ರಿಂದ, ಎಡಬದಿಯ ತೆರೆದ ಕಾರುಗಳಿಗೆ 875001ರಿಂದ, ಎಡಬದಿಯ ಕೂಪೆಗಳಿಗೆ 885001ರಿಂದ ನಂಬರುಗಳು ಶುರುವಾಗುತ್ತಿದ್ದವು. 3.8 ಲೀಟರ್ ಎಂಜಿನ್ನಿನ ಮೊದಲ ಮಾದರಿ 1964ರವರೆಗೆ ತಯಾರಾಯಿತು; ಆ ಅವಧಿಯ 7,827 ತೆರೆದ ಕಾರುಗಳಲ್ಲಿ ಬಲಬದಿಯ ಸ್ಟೀರಿಂಗಿನವು 942 ಮಾತ್ರ, ಮಿಕ್ಕವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಇವುಗಳಲ್ಲಿಯೂ ಆರಂಭದ ಸುಮಾರು 500 ಕಾರುಗಳಿಗೆ ಬಾನೆಟ್ಟಿನ ಬೀಗ ಹೊರಗಡೆ, ಎರಡೂ ಪಕ್ಕಗಳಲ್ಲಿ ಇತ್ತು. ಅದನ್ನು ತೆರೆಯಲು ಪ್ರತ್ಯೇಕ ಕೀಲಿ ಬೇಕಿತ್ತು. ಬಳಿಕ ಆ ಬೀಗಗಳನ್ನು ಕಾರಿನ ಒಳಗಿನಿಂದಲೇ ಎಳೆಯುವ ಹಿಡಿಗಳಾಗಿ ಬದಲಿಸಿದರು. 1962ರವರೆಗಿನ ಕಾರುಗಳ ನೆಲ ಸಪಾಟಾಗಿತ್ತು. ಎತ್ತರದವರ ಕಾಲಿಗೆ ಅನುಕೂಲವಾಗಲೆಂದು ಆಮೇಲೆ ತಗ್ಗು ಮಾಡಿದರು. ಓಡಿಸುವವನಿಗೆ ಹಳೆಯ ವ್ಯವಸ್ಥೆಗಳೆರಡೂ ಅನನುಕೂಲವೇ. ಆದರೂ ಹೊರಬೀಗದ, ಸಪಾಟು ನೆಲದ ಕಾರು ಎಂದೊಡನೆ ಬೆಲೆ ಮೇಲಕ್ಕೆ ಜಿಗಿಯುತ್ತದೆ, ಬೆಲೆ ಜಿಗಿದಲ್ಲಿ ಅಕ್ಕಸಾಲಿಗಳು ಸೇರುತ್ತಾರೆ.

ನಮಗೆ ತೋರಿಸಿದ ಕಾರು ಅಂಥದ್ದೇ ಎಂಬುದು ಮಾರಾಟಗಾರನ ಮಾತು: 1961ರ ತೆರೆದ ಕಾರು, ಬಲಬದಿಯ ಸ್ಟೀರಿಂಗ್, ಹೊರಬೀಗ, ಸಪಾಟು ನೆಲ. ಬಲಬದಿಯ ತೆರೆದ ಕಾರುಗಳಲ್ಲಿ ಹೊರಬೀಗವಿದ್ದದ್ದು ಮೊದಲ 91ಕ್ಕೆ ಮಾತ್ರ, ಇದು ಆ 91ರಲ್ಲಿ ಒಂದು ಎಂದು ಆತ ಕಡತವನ್ನು ಮುಂದಿಟ್ಟ. ಕಡತದ ಮೊದಲ ಹಾಳೆಯಲ್ಲಿ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟಿನ ಪ್ರಮಾಣಪತ್ರವಿತ್ತು. ಕಾರ್ಖಾನೆಯ ಹಳೆಯ ಲೆಕ್ಕದ ಪುಸ್ತಕಗಳನ್ನು ನೋಡಿ ಟ್ರಸ್ಟಿನವರು ಕೊಡುವ ಆ ಹಾಳೆಯಲ್ಲಿ ಚಾಸಿಸ್, ಎಂಜಿನ್, ಬಾಡಿ, ಗೇರ್‌ಬಾಕ್ಸ್ ಎಂಬ ನಾಲ್ಕು ನಂಬರುಗಳೂ, ಹೊರಗಿನ ಮತ್ತು ಒಳಗಿನ ಬಣ್ಣಗಳೂ, ತಯಾರಾದ ಹಾಗೂ ರವಾನೆಯಾದ ತಾರೀಕುಗಳೂ, ಮೊದಲು ಪಡೆದ ವಿತರಕರ ಹೆಸರೂ ಇರುತ್ತವೆ. ಕಾರಿನಲ್ಲಿರುವ ನಂಬರುಗಳು ಇದರೊಂದಿಗೆ ತಾಳೆಯಾದರೆ ಅದನ್ನು ಮ್ಯಾಚಿಂಗ್ ನಂಬರ್ಸ್ ಕಾರು ಎನ್ನುತ್ತಾರೆ. ನಮ್ಮಲ್ಲಿ ಜಾತಕ ಕೂಡುತ್ತದೆ ಎನ್ನುವಷ್ಟೇ ಭಕ್ತಿಯಿಂದ ಇಲ್ಲಿನವರು ಈ ಮಾತನ್ನು ಆಡುತ್ತಾರೆ. ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎಂಬ ಗಾದೆ ಕೂಡ ಜಾತಕ ನೋಡುವವರ ಬಾಯಲ್ಲೇ ಹುಟ್ಟಿದ್ದೆಂಬುದನ್ನು ಗೆಳೆಯನಿಗೆ ನೆನಪಿಸಿದೆ. ಅವನಾಗಲೇ ಸ್ಟೀರಿಂಗ್ ಚಕ್ರದ ಮರವನ್ನು ಸವರುತ್ತಿದ್ದ.

ಪ್ರಮಾಣಪತ್ರದ ಬಗ್ಗೆ ಒಂದು ಮಾತನ್ನು ಇಲ್ಲಿ ವಿವರವಾಗಿ ಹೇಳಬೇಕು. ಊರಿನಲ್ಲಿ ಹೊಲ ಕೊಳ್ಳುವವನು ಮೂಲಪತ್ರ, ಪಹಣಿ, ಋಣಭಾರ ಪತ್ರಗಳನ್ನು ನೋಡಿದ ಮೇಲೂ ಹದ್ದಿನ ಕಲ್ಲುಗಳನ್ನು ಹುಡುಕಿಕೊಂಡು ಹೊಲಕ್ಕೆ ಹೋಗುತ್ತಾನೆ. ಪತ್ರದಲ್ಲಿರುವ ಸರ್ವೆ ನಂಬರಿಗೂ ಕಾಲ ಕೆಳಗಿನ ಮಣ್ಣಿಗೂ ಸಂಬಂಧವಿದೆಯೇ ಎಂಬುದು ಬೇರೆಯೇ ಪ್ರಶ್ನೆ ಎಂದು ಅವನಿಗೆ ಗೊತ್ತಿರುತ್ತದೆ. ಹೆರಿಟೇಜ್ ಪ್ರಮಾಣಪತ್ರವೂ ಹಾಗೆಯೇ: ಈ ನಂಬರಿನ ಕಾರೊಂದು 1961ರಲ್ಲಿ ಕಾರ್ಖಾನೆಯಿಂದ ಹೊರಟಿತು ಎಂಬುದನ್ನು ಅದು ಹೇಳುತ್ತದೆ, ಇವತ್ತು ನಿಮ್ಮ ಎದುರು ನಿಂತಿರುವುದು ಅದೇ ಕಾರು ಎಂದು ಹೇಳುವುದಿಲ್ಲ. ಟ್ರಸ್ಟು ಹಾಗೆಂದು ಹೇಳಿಕೊಳ್ಳುವುದೂ ಇಲ್ಲ, ಕೊಳ್ಳುವವರು ತಾವಾಗಿಯೇ ಹಾಗೆ ಓದಿಕೊಳ್ಳುತ್ತಾರೆ. ಮೊದಲು ಲೋಹವನ್ನು ನೋಡಿ ಆಮೇಲೆ ಕಾಗದದೊಂದಿಗೆ ಹೋಲಿಸುವುದು ಕೊಳ್ಳುವವನ ದಾರಿಯಾದರೆ, ಮೊದಲು ಕಾಗದವನ್ನು ಪಡೆದು ಆಮೇಲೆ ಲೋಹವನ್ನು ಅದಕ್ಕೆ ಒಪ್ಪುವಂತೆ ಮಾಡುವುದು ನಕಲಿ ಮಾಡುವವನ ದಾರಿ. ಹೀಗಾಗಿ ಎಲ್ಲವೂ ತಾಳೆಯಾಗುತ್ತದೆ ಎಂಬುದು ಪರೀಕ್ಷೆಯ ಕೊನೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಅಲ್ಲಿಂದಲೇ ಹೆಚ್ಚು ಎಚ್ಚರದಿಂದ ನೋಡಬೇಕು.

ಇ-ಟೈಪಿನ ರಚನೆಯಲ್ಲಿಯೇ ಒಂದು ತಮಾಷೆಯಿದೆ. ಅಂಬಾಸಿಡರಿನಂತೆ ಅದರ ಇಡೀ ಮೈ ಒಂದೇ ಪೆಟ್ಟಿಗೆಯಲ್ಲ. ಕೂರುವ ಜಾಗದಿಂದ ಹಿಂದಕ್ಕೆ ಮಾತ್ರ ಬೆಸುಗೆ ಹಾಕಿದ ತಗಡಿನ ಗೂಡು. ಎಂಜಿನ್ ಮತ್ತು ಮುಂದಿನ ಚಕ್ರಗಳನ್ನು ಹೊರುವುದು ಚೌಕ ಕೊಳವೆಗಳಿಂದ ಮಾಡಿ ಬೋಲ್ಟುಗಳಿಂದ ಬಿಗಿದ ಚೌಕಟ್ಟು. ಆ ಚೌಕಟ್ಟಿನ ಮುಂತುದಿಯನ್ನು, ಪಟಕ್ಕೆ ಹಾಕುವ ಕಟ್ಟಿನಂತಿರುವುದರಿಂದ, ಪಿಕ್ಚರ್ ಫ್ರೇಮ್ ಎಂದು ಕರೆಯುತ್ತಾರೆ. ಕಾರಿನ ಗುರುತಿಗೆ ಆಧಾರವಾದ ಚಾಸಿಸ್ ನಂಬರನ್ನು ಕಾರ್ಖಾನೆಯವರು ಒತ್ತಿದ್ದು, ಬಿಚ್ಚಿ ಬದಲಿಸಬಹುದಾದ ಈ ಭಾಗದ ಮೇಲೆ, ಬಲಗಡೆಯ ಶಾಕ್ ಅಬ್ಸಾರ್ಬರ್ ಕೂರುವ ಜಾಗದಲ್ಲಿ. ಕೊಳವೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅರವತ್ತು ವರ್ಷ ಹಳೆಯ ಕಾರಿನಲ್ಲಿ ಅವನ್ನು ಬದಲಿಸಿರುವುದು ಅಪರಾಧವಲ್ಲ. ಜೀವದ ಮೇಲೆ ಆಸೆಯಿರುವವನು ಬದಲಿಸಿಯೇ ಇರುತ್ತಾನೆ. ಹೊಸ ಚೌಕಟ್ಟಿಗೆ ಹಳೆಯ ನಂಬರನ್ನೇ ಮತ್ತೆ ಒತ್ತುವುದೂ ಒಪ್ಪಿತವಾದ ಪದ್ಧತಿಯೇ. ಆದ್ದರಿಂದ ಹೊಸದಾಗಿ ಒತ್ತಿದ ಅಂಕಿಯೊಂದು ತಾನಾಗಿಯೇ ಮೋಸವೂ ಅಲ್ಲ, ಹಳೆಯದಾಗಿ ಕಾಣುವ ಅಂಕಿಯೊಂದು ತಾನಾಗಿಯೇ ಸಾಚಾ ಕೂಡ ಅಲ್ಲ. ಚೌಕಟ್ಟು ಯಾವಾಗ ಬದಲಾಯಿತು, ಬದಲಿಸಿದವರು ಯಾರು, ತೆಗೆದದ್ದು ಎಲ್ಲಿ ಹೋಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದೆಯೇ ಎಂಬುದನ್ನು ನೋಡಬೇಕು.

ನಾನು ಪೆನ್ಸಿಲನ್ನು ಹೊರತೆಗೆದಾಗ ಮಾರಾಟಗಾರ ಮೊದಲು ನಕ್ಕ. ಮೂಡಿ ಬಂದ ಆರು ಅಂಕಿಗಳು ಸೈನಿಕರ ಸಾಲಿನಂತೆ ನೆಟ್ಟಗೆ, ಒಂದೇ ಆಳದಲ್ಲಿ, ಒಂದೇ ಅಂತರದಲ್ಲಿ ನಿಂತಿದ್ದವು. 1961ರಲ್ಲಿ ಕಾರ್ಮಿಕನೊಬ್ಬ ಒಂದು ಕೈಯಲ್ಲಿ ಅಂಕಿಯ ಉಳಿ, ಇನ್ನೊಂದು ಕೈಯಲ್ಲಿ ಸುತ್ತಿಗೆ ಹಿಡಿದು ಒಂದೊಂದಾಗಿ ಹೊಡೆದ ಅಂಕಿಗಳು ಸಾಮಾನ್ಯವಾಗಿ ಸಂತೆಯಿಂದ ಮರಳುವವರ ಹಾಗೆ ನಡೆಯುತ್ತವೆ. ಒಂದು ಮೇಲೆ, ಒಂದು ಕೆಳಗೆ, ಇನ್ನೊಂದು ಪಕ್ಕದವನ ಹೆಗಲಿಗೆ ಒರಗಿ. ಚೌಕಟ್ಟು ಬದಲಾಗಿದೆಯೇ ಎಂದು ಕೇಳಿದೆ. ಇಲ್ಲ, ಇದು ಕಾರ್ಖಾನೆಯದೇ ಎಂದು ಮೊದಲು ಹೇಳಿದ ಆತ, ಸ್ವಲ್ಪ ಹೊತ್ತಿನ ಬಳಿಕ ಹಿಂದಿನ ಮಾಲೀಕರು ಬದಲಿಸಿರಬಹುದು ಎಂದ. ಬಿಲ್ಲು ಇರಲಿಲ್ಲ.

ಎಂಜಿನ್ನಿನ ಕಡೆ ಹೋದೆ. ಅದರ ಒಡಲಾದ ಬ್ಲಾಕಿನ ಬಲಪಕ್ಕದಲ್ಲಿ, ಆಯಿಲ್ ಫಿಲ್ಟರಿನ ಮೇಲ್ಗಡೆ ಒತ್ತಿದ್ದ ನಂಬರು ಪ್ರಮಾಣಪತ್ರದಲ್ಲಿದ್ದಂತೆಯೇ ಇತ್ತು, ಕೊನೆಯಲ್ಲಿ ಕಂಪ್ರೆಶನ್ ಅನುಪಾತವನ್ನು ಸೂಚಿಸುವ 9ರ ಸಮೇತ. ಇಲ್ಲಿಯೂ ಪೆನ್ಸಿಲ್ ಉಜ್ಜಿದಾಗ ಅಂಕಿಗಳ ಹಿಂದೆ, ಮಳೆಯ ಎಳೆಗಳಂತೆ ಒಂದೇ ದಿಕ್ಕಿಗೆ ಸಾಗುವ ನವುರಾದ ಗೆರೆಗಳು ಕಂಡವು. ಅದೇ ನಂಬರನ್ನು ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ಡಿನ ಮುಂತುದಿಯಲ್ಲಿಯೂ ಒತ್ತಿರುತ್ತಾರೆ. ಇಲ್ಲಿ ಅಲ್ಲಿದ್ದದ್ದು ಬೇರೆ ನಂಬರು. ಹೆಡ್ ಬದಲಾಗುವುದು ಅಪರೂಪವಲ್ಲವಾದ್ದರಿಂದ ಅದೊಂದನ್ನೇ ಹಿಡಿದು ಯಾರನ್ನೂ ದೂರಲಾಗದು. ಆದರೆ ಬ್ಲಾಕಿನ ಮುಖವನ್ನು ಯಾರೋ ನುಣುಪು ಮಾಡಿ, ಹೆಡ್ಡನ್ನು ಮುಟ್ಟಲು ಮರೆತಿದ್ದರೆ ಕಾಣುವುದೂ ಹೀಗೆಯೇ. ಅಂಕಿಯನ್ನು ಒತ್ತುವಾಗ ಅದರ ಕೆಳಗಿನ ಲೋಹವೂ ಆಳದವರೆಗೆ ನಲುಗುವುದರಿಂದ, ಮೇಲ್ಮೈಯನ್ನು ಅರೆದುಹಾಕಿದ ಮೇಲೂ ತಕ್ಕ ಆಮ್ಲವನ್ನು ಸವರಿದರೆ ಹಳೆಯ ಅಂಕಿ ನೆರಳಿನಂತೆ ಮೇಲೇಳಬಹುದು. ಪೊಲೀಸ್ ಪ್ರಯೋಗಾಲಯಗಳಲ್ಲಿ ಹೀಗೆ ಮಾಡುತ್ತಾರೆ. ಇನ್ನೂ ಕೊಳ್ಳದಿರುವ ಕಾರಿನ ಎಂಜಿನ್ನಿಗೆ ಆಮ್ಲ ಸವರುತ್ತೇನೆ ಎಂದರೆ ಯಾವ ಮಾಲೀಕನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಗೆಳೆಯ ತಾನೂ ಏನಾದರೂ ಮಾಡಬೇಕೆಂದು ಅಯಸ್ಕಾಂತವೊಂದನ್ನು ತಂದಿದ್ದ. ಅದು ಬಾಡಿಯ ಕೀಲುಗಳ ಮೇಲೆ ಹಿಡಿಯದೆ ಜಾರಿದಾಗಲೆಲ್ಲ ಅಲ್ಲಿ ಪುಟ್ಟಿ ಮೆತ್ತಿದ್ದಾರೆ ಎಂದು ನನ್ನನ್ನು ಕರೆಯುತ್ತಿದ್ದ. ಆ ಕಾಲದಲ್ಲಿ ಕಾರ್ಖಾನೆಯಲ್ಲೇ ತಗಡಿನ ಕೀಲುಗಳನ್ನು ಸೀಸ ತುಂಬಿ ನಯಗೊಳಿಸುತ್ತಿದ್ದರು. ಸೀಸಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಅಲ್ಲಿ ಜಾರುವುದು ಹಳೆಯ ಕೆಲಸದ ಗುರುತೂ ಆಗಿರಬಹುದು. ಪರೀಕ್ಷೆಯ ಉಪಕರಣ ಕೈಗೆ ಬಂದೊಡನೆ ಪರೀಕ್ಷೆ ಮುಗಿಯುವುದಿಲ್ಲ ಎಂಬುದನ್ನು ವೈದ್ಯನಿಗೆ ನಾನು ಹೇಳಿಕೊಡಬೇಕಾಗಿ ಬಂದದ್ದು ಇಬ್ಬರಿಗೂ ನಗು ತಂದಿತು.

ನಿರ್ಧಾರ ಮಾಡಿಸಿದ್ದು ಬೀಗ. ಬಾನೆಟ್ಟಿನ ಹೊರಗಡೆ ಎರಡೂ ಪಕ್ಕಗಳಲ್ಲಿ ಹಿತ್ತಾಳೆಯ ಬೀಗದ ಕಣ್ಣುಗಳು ಸರಿಯಾದ ಜಾಗದಲ್ಲಿಯೇ ಕೂತಿದ್ದವು. ನಾನು ಒಳಗೆ ತಲೆ ಹಾಕಿ, ಡ್ಯಾಶ್‌ಬೋರ್ಡಿನ ಕೆಳಗೆ, ಬಾಗಿಲ ಕೀಲಿನ ಹತ್ತಿರದ ಪಕ್ಕದ ಹೊದಿಕೆಯನ್ನು ಅಪ್ಪಣೆ ಕೇಳಿ ಬಿಚ್ಚಿದೆ. ನಂತರದ ಕಾರುಗಳಲ್ಲಿ ಬಾನೆಟ್ ತೆರೆಯುವ ಹಿಡಿಯಿರುವ ಜಾಗ ಅದು. ಅಲ್ಲಿ ರಂಧ್ರವನ್ನು ಮುಚ್ಚಿ ಬೆಸುಗೆ ಹಾಕಿ ಬಣ್ಣ ಬಳಿದ, ಐದು ಪೈಸೆಯ ನಾಣ್ಯದಷ್ಟಗಲದ ತೇಪೆಯೊಂದು ಬೆರಳಿಗೆ ಸಿಕ್ಕಿತು. ಇನ್ನೊಂದು ಪಕ್ಕದಲ್ಲಿಯೂ ಅಂಥದ್ದೇ. ಹೊರಬೀಗದೊಂದಿಗೆ ಹುಟ್ಟಿದ ಕಾರಿನಲ್ಲಿ ಇಲ್ಲಿ ಮುಚ್ಚಲು ರಂಧ್ರವೇ ಇರಬಾರದು. ಸಪಾಟು ನೆಲದ ತಗಡು ಹೊಸದಾಗಿತ್ತು. ಕಡತದ ಕಾಗದಗಳು 1989ರಿಂದ ಈಚಿನವು. ಅದಕ್ಕೂ ಹಿಂದಿನ ಇಪ್ಪತ್ತೆಂಟು ವರ್ಷಗಳಲ್ಲಿ ಕಾರು ಕೊಟ್ಟಿಗೆಯೊಂದರಲ್ಲಿ ಮಲಗಿತ್ತಂತೆ. ಆ ಕಾಲದ ಬ್ರಿಟನ್ನಿನಲ್ಲಿ ಮಾಲೀಕ ಬದಲಾದಾಗಲೆಲ್ಲ ಜಿಲ್ಲಾಡಳಿತದ ಮುದ್ರೆ ಬೀಳುತ್ತಿದ್ದ ಲಾಗ್‌ಬುಕ್ ಎಂಬ ನೋಂದಣಿ ಪುಸ್ತಕ ಇರುತ್ತಿತ್ತು, ಅದೂ ಇರಲಿಲ್ಲ. ನನ್ನ ಊಹೆ ಇಷ್ಟು: ಎಲ್ಲೋ ಒಂದು ಅಸಲಿ ಕಾರು ಅಪಘಾತದಲ್ಲಿಯೋ ತುಕ್ಕಿನಿಂದಲೋ ಸತ್ತಿದೆ, ಸತ್ತವರ ಹೆಸರಿನಲ್ಲಿ ಪಹಣಿ ಮುಂದುವರಿಯುವಂತೆ ಅದರ ಹೆಸರು ಮುಂದುವರಿದು, ಇನ್ನೊಂದು ಕಾರಿನ ಮೈಯನ್ನು ಹುಡುಕಿಕೊಂಡಿದೆ. ಆ ಮಾರಾಟಗಾರನೇ ಇದನ್ನು ಮಾಡಿದ ಎಂದು ನಾನು ಹೇಳಲಾರೆ. ಅವನನ್ನೂ ಯಾರೋ ಮೊದಲೇ ಮೋಸಗೊಳಿಸಿರಬಹುದು. ನಾವು ಚಹಾ ಕುಡಿದು, ವಂದನೆ ಹೇಳಿ ಹೊರಟೆವು.

ವಾಪಸು ಬರುವಾಗ ಗೆಳೆಯ ಬಹಳ ಹೊತ್ತು ಮೌನವಾಗಿದ್ದು, ಕೊನೆಗೆ ಕೇಳಿದ: ಎಲ್ಲವನ್ನೂ ಬದಲಿಸಿಯೂ ಒಂದು ಕಾರು ಅದೇ ಕಾರಾಗಿ ಉಳಿಯುವುದು ಸಾಧ್ಯವೇ? ನಾನು ಅವನಿಗೆ ಬೆಂಟ್ಲಿಯ ಮೊಕದ್ದಮೆಯ ಕಥೆಯನ್ನು ಹೇಳಿದೆ. ಓಲ್ಡ್ ನಂಬರ್ ಒನ್ ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು ಫ್ರಾನ್ಸಿನ ಲ ಮಾನ್‌ನ ಇಪ್ಪತ್ನಾಲ್ಕು ಗಂಟೆಗಳ ಸ್ಪರ್ಧೆಯನ್ನು 1929ರಲ್ಲಿಯೂ 1930ರಲ್ಲಿಯೂ ಗೆದ್ದಿತು. ಎರಡೂ ಬಾರಿ ಚಾಲಕರಲ್ಲೊಬ್ಬ ಕಂಪನಿಯ ಅಧ್ಯಕ್ಷ ವುಲ್ಫ್ ಬರ್ನಾಟೊ. ಜೊತೆಗಾರರು ಮೊದಲ ವರ್ಷ ಟಿಮ್ ಬರ್ಕಿನ್, ಎರಡನೆಯ ವರ್ಷ ಗ್ಲೆನ್ ಕಿಡ್‌ಸ್ಟನ್. ಸ್ಪರ್ಧೆಯಿಂದ ಸ್ಪರ್ಧೆಗೆ ಅದರ ಭಾಗಗಳು ಬದಲಾಗುತ್ತಲೇ ಹೋದವು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಓಟದ ಹಾದಿಯ 500 ಮೈಲಿಗಳ ಸ್ಪರ್ಧೆಗಾಗಿ ಹೊಸ ಚಾಸಿಸ್ ಬಂತು, 1932ರ ಹೊತ್ತಿಗೆ 8 ಲೀಟರಿನ ಎಂಜಿನ್ ಬಂತು. ಆ ವರ್ಷ ಅದೇ ಸ್ಪರ್ಧೆಯಲ್ಲಿ ಕಾರು ಓರೆಯಾಗಿ ಎತ್ತರಿಸಿದ ಹಾದಿಯ ಮೇಲಂಚನ್ನು ದಾಟಿ ಉರುಳಿ ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡ. ಆಮೇಲೆ ಉಳಿದದ್ದನ್ನು ರಸ್ತೆಯ ಮೇಲೆ ಓಡಿಸುವ ಕೂಪೆಯಾಗಿ ಕಟ್ಟಿದರು, ದಶಕಗಳ ಬಳಿಕ ಮತ್ತೆ ಸ್ಪರ್ಧೆಯ ಕಾರಿನ ರೂಪಕ್ಕೆ ತಂದರು. 1990ರಲ್ಲಿ ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ ಕಂಪನಿ, ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲ ಎಂದು ಹೇಳಿ ಹಿಂದೆ ಸರಿಯಿತು. ಮಾರಿದವರು ಲಂಡನ್ನಿನ ಹೈಕೋರ್ಟಿಗೆ ಹೋದರು.

ನ್ಯಾಯಮೂರ್ತಿ ಆಟನ್ ಅವರ ಮುಂದೆ ಬಂದ ಪ್ರಶ್ನೆ ನ್ಯಾಯಾಲಯಕ್ಕಿಂತ ವೇದಾಂತದ ಪಾಠಶಾಲೆಗೆ ಹೆಚ್ಚು ಒಪ್ಪುವಂಥದ್ದು. 1929ರಲ್ಲಿ ಗೆದ್ದ ಕಾರಿನ ಏನೂ, ಅಥವಾ ಹೆಚ್ಚೇನೂ, ಉಳಿದಿಲ್ಲ. 1930ರ ಕಾರಿನಿಂದ ಉಳಿದಿರುವುದು ಪೆಡಲ್ಲುಗಳ ದಂಡ, ಗೇರ್‌ಬಾಕ್ಸಿನ ಹೊರಕವಚ, ಸ್ಟೀರಿಂಗ್ ಕಂಬ ಇಷ್ಟೇ ಎಂದು ಅವರು ಕಂಡುಕೊಂಡರು. ಆದ್ದರಿಂದ ಇದನ್ನು ಮೂಲ ಕಾರು ಎನ್ನಲಾಗದು, ಮೂಲಕ್ಕೆ ಬಹುಮಟ್ಟಿಗೆ ಸಮ ಎಂದೂ ಹೇಳಲಾಗದು. ಆದರೂ ಇದು ಅಧಿಕೃತ ಓಲ್ಡ್ ನಂಬರ್ ಒನ್ ಹೌದು ಎಂದು ತೀರ್ಪು ಕೊಟ್ಟರು. ಅವರ ವಾದದ ಸಾರವೆಂದರೆ, ಬದಲಾವಣೆಗಳು ಒಂದೇ ಸಲಕ್ಕೆ ಬರಲಿಲ್ಲ. ಹೊಸ ಭಾಗಗಳು ನಿಧಾನವಾಗಿ, ದೀರ್ಘಕಾಲದಲ್ಲಿ ಇಡಿಯೊಳಗೆ ಬೆರೆತವು, ಯಾವ ಹಂತದಲ್ಲಿಯೂ ಕಾರು ತನ್ನ ಗುರುತನ್ನು ಕಳೆದುಕೊಳ್ಳಲಿಲ್ಲ, ಮತ್ತು ಆ ಹೆಸರಿಗೆ ಹಕ್ಕು ಸಾಧಿಸಬಲ್ಲ ಇನ್ನೊಂದು ಕಾರು ಲೋಕದಲ್ಲಿ ಇಲ್ಲ. ಕೊಳ್ಳುವವರು ಒಪ್ಪಂದವನ್ನು ನಡೆಸಿಕೊಡಬೇಕಾಯಿತು.

ಈ ತೀರ್ಪನ್ನು ಓದಿ ಮೂಗು ಮುರಿಯುವ ಕಾರುಪ್ರಿಯರು ಇಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ನನಗೆ ಮಾತ್ರ ಅದು ನಮ್ಮೂರಿನ ಯಾವ ಹಿರಿಯರೂ ಹೇಳುತ್ತಿದ್ದ ಮಾತಿನಂತೆಯೇ ಕೇಳಿಸುತ್ತದೆ. ಊರ ತೇರಿನ ಗಾಲಿ ಮುರಿದರೆ ಹೊಸ ಗಾಲಿ ಬರುತ್ತದೆ, ಅಚ್ಚು ಸವೆದರೆ ಅಚ್ಚು ಬರುತ್ತದೆ, ಮೂರು ತಲೆಮಾರಿನ ಬಳಿಕ ಮೊದಲ ಮರದ ಒಂದು ಚಕ್ಕೆಯೂ ಉಳಿದಿರುವುದಿಲ್ಲ, ಆದರೂ ಜಾತ್ರೆಯ ದಿನ ಇದು ಬೇರೆ ತೇರು ಎಂದು ಯಾರೂ ಹಗ್ಗ ಬಿಟ್ಟು ಹೋಗುವುದಿಲ್ಲ. ಅದಕ್ಕೆ ಜೀರ್ಣೋದ್ಧಾರ ಎಂಬ ಗೌರವದ ಮಾತೇ ನಮ್ಮಲ್ಲಿದೆ. ಹಾಗೆಂದು ಆ ತೇರಿನ ಇಂದಿನ ಗಾಲಿಯನ್ನು ತೋರಿಸಿ, ಇದು ಪಾಳೆಯಗಾರರ ಕಾಲದ ಮರ ಎಂದು ಯಾರಾದರೂ ಮಾರಲು ಹೊರಟರೆ ಅದು ಮೋಸ. ನ್ಯಾಯಮೂರ್ತಿಗಳು ಮೂಲ ಮತ್ತು ಅಧಿಕೃತ ಎಂಬ ಎರಡು ಪದಗಳನ್ನು ಬೇರೆಬೇರೆಯಾಗಿ ಹಿಡಿದದ್ದೂ ಇದೇ ಕಾರಣಕ್ಕೆ. ಕೊಟ್ಟಿಗೆಯಲ್ಲಿ ನಾವು ನೋಡಿದ ಜಾಗ್ವಾರಿನ ದೋಷ ಅದರ ಭಾಗಗಳು ಬದಲಾಗಿದ್ದವು ಎಂಬುದಾಗಿರಲಿಲ್ಲ. ಬೆಂಟ್ಲಿಯ ಪ್ರತಿಯೊಂದು ಬದಲಾವಣೆಗೂ ತಾರೀಕಿತ್ತು, ಕಾರಣವಿತ್ತು, ಕಂಡ ಸಾಕ್ಷಿಗಳಿದ್ದರು. ಇಲ್ಲಿ ಬದಲಾವಣೆಯ ಜಾಗದಲ್ಲಿ ಬೆಸುಗೆಯಿತ್ತು, ಬೆಸುಗೆಯ ಮೇಲೆ ಬಣ್ಣವಿತ್ತು.

ಮಾವನ ಗ್ಯಾರೇಜಿನಲ್ಲಿ ಪೆಟ್ರೋಲಿನ ಖರ್ಚು ತಾಳಲಾರದೆ ಅಂಬಾಸಿಡರಿಗೆ ಮೆಟಡಾರಿನ ಡೀಸೆಲ್ ಎಂಜಿನ್ ಕೂರಿಸಿಕೊಂಡು ಹೋಗುವವರಿದ್ದರು. ಹೊಸ ಎಂಜಿನ್ನಿನ ನಂಬರನ್ನು ಆರ್‌ಸಿ ಪುಸ್ತಕಕ್ಕೆ ಏರಿಸಿದ ಮೇಲೆ ಅದು ಎಂದಿನಂತೆ ಅದೇ ಗೌಡರ ಅದೇ ಕಾರು. ಬ್ರಿಟನ್ನಿನ ವಾಹನ ನೋಂದಣಿ ಇಲಾಖೆಯೂ ಬಹುಕಾಲ ಹೆಚ್ಚುಕಡಿಮೆ ಗೌಡರ ಹಾಗೆಯೇ ಯೋಚಿಸುತ್ತಿತ್ತು. ಬಹಳಷ್ಟು ಮಾರ್ಪಟ್ಟ ಕಾರು ತನ್ನ ಹಳೆಯ ನೋಂದಣಿಯನ್ನು ಉಳಿಸಿಕೊಳ್ಳಲು 8 ಅಂಕ ಗಳಿಸಬೇಕಿತ್ತು: ಚಾಸಿಸ್ ಅಥವಾ ಬಾಡಿಯ ಗೂಡಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್ ವ್ಯವಸ್ಥೆ, ಸ್ಟೀರಿಂಗ್ ಇವುಗಳಿಗೆ ತಲಾ 2, ಎಂಜಿನ್ನಿಗೆ 1. ಸರ್ಕಾರದ ಕಣ್ಣಿನಲ್ಲಿ ಒಂದೇ ಅಂಕದ ಆ ಎಂಜಿನ್ನಿನ ನಂಬರಿಗಾಗಿ ಮಾರುಕಟ್ಟೆ ಸಾವಿರಾರು ಪೌಂಡುಗಳನ್ನು ಹೆಚ್ಚಿಗೆ ಕೊಡುತ್ತದೆ, ಆ ಹೆಚ್ಚಿನ ಹಣವೇ ಬ್ಲಾಕುಗಳ ಮುಖವನ್ನು ಅರದಿಂದ ತೀಡಿಸುತ್ತದೆ. ಪೋರ್ಷೆಯವರ 1973ರ ಕರೇರಾ ಆರ್‌ಎಸ್ ತಯಾರಾದದ್ದು 1,580 ಮಾತ್ರ. ಅಗಲವಾದ ಹಿಂಬದಿಯನ್ನೂ ಬಾತುಕೋಳಿಯ ಬಾಲದಂಥ ರೆಕ್ಕೆಯನ್ನೂ ಅಂಟಿಸಿಕೊಂಡು ಆ ವೇಷ ಹಾಕುವ ಅದೇ ಕಂಪನಿಯ ಸಾಮಾನ್ಯ 911 ಕಾರುಗಳಿಗೆ ಲೆಕ್ಕವಿಲ್ಲ. ಇದಕ್ಕಿಂತ ವಿಚಿತ್ರವಾದದ್ದನ್ನು ಜಾಗ್ವಾರಿನವರೇ ಮಾಡಿದರು. ಸ್ಪರ್ಧೆಗಾಗಿ ಹಗುರವಾದ ಇ-ಟೈಪುಗಳಿಗೆ ಅರವತ್ತರ ದಶಕದಲ್ಲಿ 18 ನಂಬರುಗಳನ್ನು ಮೀಸಲಿಟ್ಟು, 12 ಕಾರುಗಳನ್ನು ಕಟ್ಟಿ ನಿಲ್ಲಿಸಿದ್ದರು. ಉಳಿದ 6 ನಂಬರುಗಳ ಕಾರುಗಳನ್ನು ಕಟ್ಟುವುದಾಗಿ 2014ರಲ್ಲಿ ಸಾರಿ, ಕಟ್ಟಿಯೂ ಕಟ್ಟಿದರು. ಹೆತ್ತವಳು ಅದೇ ತಾಯಿ, ಹೆಸರಿಟ್ಟದ್ದು ಆಗಲೇ, ಮಗು ಹುಟ್ಟಿದ್ದು ಐವತ್ತು ವರ್ಷ ತಡವಾಗಿ. ಅವು ಅಸಲಿಯೋ ಅಲ್ಲವೋ ಎಂದು ಜಗಳವಾಡುವವರು ಆಡಲಿ. ಹುಟ್ಟಿದ ವರ್ಷವನ್ನು ಮುಚ್ಚಿಟ್ಟಿಲ್ಲವಾದ್ದರಿಂದ ನನಗೆ ಅವುಗಳ ಮೇಲೆ ತಕರಾರಿಲ್ಲ.

ಏಳು ತಿಂಗಳ ಬಳಿಕ ಗೆಳೆಯ ಕೊಂಡದ್ದು 1963ರ ಒಂದು ಕೂಪೆಯನ್ನು. ಜಾಹೀರಾತಿನಲ್ಲಿಯೇ ಅದರ ದೋಷಗಳನ್ನೆಲ್ಲ ಪಟ್ಟಿ ಮಾಡಿದ್ದರು. ಅದು ಎಡಬದಿಯ ಸ್ಟೀರಿಂಗಿನೊಂದಿಗೆ ಅಮೆರಿಕಕ್ಕೆ ಹೋಗಿ, ತೊಂಬತ್ತರ ದಶಕದಲ್ಲಿ ಮರಳಿ ಬಂದು ಬಲಬದಿಗೆ ಬದಲಾದದ್ದು, ಎಂಜಿನ್ ಬೇರೆ ಕಾರಿನದು, ಬಣ್ಣ ಮೂಲದ್ದಲ್ಲ. ನಿವೃತ್ತ ಶಾಲಾಮಾಸ್ತರರಾಗಿದ್ದ ಮಾಲೀಕರು ಎರಡು ರಟ್ಟಿನ ಪೆಟ್ಟಿಗೆಗಳ ತುಂಬ ಕಾಗದಗಳನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಸುರಿದರು. ಹಡಗಿನ ಚೀಟಿ, ಸುಂಕದ ರಸೀದಿ, ಒಡೆದ ಹಳೆಯ ಬ್ಲಾಕಿನ ಫೋಟೊ, ಬದಲಿ ಎಂಜಿನ್ ಕೊಂಡ ಬಿಲ್ಲು, ವಾರ್ಷಿಕ ಎಂಓಟಿ ತಪಾಸಣೆಯ ಚೀಟಿಗಳಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತ ಬಂದ ಮೈಲಿಗಳು. ನಾನು ಪಿಕ್ಚರ್ ಫ್ರೇಮಿನ ಪೆನ್ಸಿಲ್ ಪ್ರಿಂಟ್ ತೆಗೆದು ತಂದು, ಅಂಕಿಗಳು ಹೊಸದಾಗಿ ಒತ್ತಿದವು ಎಂದಾಗ ಅವರು ಹೌದು, 1998ರಲ್ಲಿ ಎಂದು ಹೇಳಿ, ಬಿಸ್ಕತ್ತಿನ ಡಬ್ಬಿಯೊಂದನ್ನು ತೆರೆದರು. ಅದರೊಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ, ಅಂಗೈಯಗಲದ ತುಕ್ಕು ಹಿಡಿದ ಲೋಹದ ತುಂಡಿತ್ತು. ಹಳೆಯ ಚೌಕಟ್ಟನ್ನು ಬಿಸಾಡುವ ಮೊದಲು ನಂಬರಿದ್ದ ಭಾಗವನ್ನು ಗರಗಸದಿಂದ ಕೊಯ್ದು ಇಟ್ಟುಕೊಂಡಿದ್ದರು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದೆ. ನಂಬರಿನ ಮೊದಲ ಎಂಟು ಎಡಕ್ಕೆ ವಾಲಿತ್ತು, ಎರಡನೆಯದು ಸಾಲು ಬಿಟ್ಟು ಕೆಳಗಿಳಿದಿತ್ತು, ಕೊನೆಯ ಅಂಕಿಯನ್ನು ಎರಡು ಸಲ ಹೊಡೆದಂತಿತ್ತು.

ಬೆಲೆಯ ಮಾತು ಅರ್ಧ ಗಂಟೆಯಲ್ಲಿ ಮುಗಿಯಿತು. ಹೊರಡುವ ಮುನ್ನ ಗೆಳೆಯ ಆ ಎರಡೂ ಪೆನ್ಸಿಲ್ ಪ್ರಿಂಟುಗಳನ್ನು ನನ್ನಿಂದ ಕೇಳಿ ಪಡೆದು, ಹಳೆಯ ಚೌಕಟ್ಟಿನದು ಇದು, ಹೊಸತರದು ಇದು ಎಂದು ಕೆಳಗೆ ಬರೆದು, ತಾರೀಕು ಹಾಕಿ, ಮಾಸ್ತರರ ಸಹಿ ಹಾಕಿಸಿಕೊಂಡು ಪೆಟ್ಟಿಗೆಗೆ ಸೇರಿಸಿದ. ಕಳೆದ ತಿಂಗಳು ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ಬದಲಿಸಿದಾಗ ಅದರ ಬಿಲ್ಲನ್ನೂ ಅಲ್ಲಿಯೇ ಇಟ್ಟಿದ್ದಾನೆ. ಪೆಟ್ಟಿಗೆಗಳೀಗ ಮೂರಾಗಿವೆ, ಅವನ್ನು ಎಲ್ಲಿಡುವುದೆಂಬುದರ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತವಾಗಿಲ್ಲ.